ಕಾರಿನ ಚಾವಣಿ ಬಟ್ಟೆ ಜೋತುಬಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಸೊಲ್ಲಾಪುರ, ಅಕ್ಕಲಕೋಟ, ದುಧನಿ, ಮೈಂದರ್ಗಿ ಕಡೆಯ ಹಳೆಯ ಕಾರುಗಳ ಮಾಲೀಕರಿಗೆ, ಅಕ್ಕಲಕೋಟದಿಂದ ಗಾಣಗಾಪುರ, ತುಳಜಾಪುರ, ಪಂಢರಪುರಕ್ಕೆ ಯಾತ್ರಿಕರನ್ನು ಒಯ್ಯುವ ಟ್ಯಾಕ್ಸಿಯವರಿಗೆ.

ನಮ್ಮ ಬೇಸಿಗೆಗಳನ್ನು ವರ್ಷಗಟ್ಟಲೆ ಉಂಡ ಕಾರಿನಲ್ಲಿ ಚಾವಣಿಯ ಬಟ್ಟೆ ಮೊದಲು ಹಿಂದಿನ ಗಾಜಿನ ಬಳಿ ಸಡಿಲಾಗುತ್ತದೆ. ಆಮೇಲೆ ನಡುವೆ ಹೊಟ್ಟೆ ಬಿಡುತ್ತದೆ. ಕೊನೆಗೆ ಹಿಂದೆ ಕೂತವರ ತಲೆಗೆ ತಾಗಿ, ಚಾಲಕನ ಕನ್ನಡಿಗೆ ಅಡ್ಡ ಬರುತ್ತದೆ. ಇದನ್ನು ಮನೆಯಂಗಳದಲ್ಲೇ ಕಡಿಮೆ ಖರ್ಚಿನಲ್ಲಿ ಸರಿಮಾಡಬಹುದು. ಆದರೆ ಅರ್ಧ ಕೆಲಸ ಮಾಡಿದರೆ ಮುಂದಿನ ಮೇ ತಿಂಗಳಿಗೆ ಬಟ್ಟೆ ಮತ್ತೆ ಕೆಳಗೆ ಬರುತ್ತದೆ, ಆಗ ಖರ್ಚು ಎರಡು ಪಟ್ಟು. ಕೆಳಗಿನದನ್ನು ಪೂರ್ತಿ ಓದಿದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಿರಿ.

ಮೊದಲು ಬೆರಳಿನ ಪರೀಕ್ಷೆ

ಜೋತುಬಿದ್ದ ಕಡೆ ಬಟ್ಟೆಯ ಅಂಚು ಎತ್ತಿ, ಒಳಗೆ ಬೆರಳಿಟ್ಟು ಉಜ್ಜಿ. ಬೆರಳಿಗೆ ಕಂದು ಹಳದಿ ಬಣ್ಣದ, ತುಸು ಜಿಗುಟಾದ ಪುಡಿ ಹತ್ತಿದರೆ ಫೋಮ್ ಸತ್ತಿದೆ. ಈಗಿನ ಕಾರುಗಳ ಚಾವಣಿಯಲ್ಲಿ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ಅಚ್ಚಿನಲ್ಲಿ ಒತ್ತಿ ಮಾಡಿದ ನಾರಿನ ಬೋರ್ಡು, ಅದರ ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಫೋಮ್, ಅದಕ್ಕೆ ಹತ್ತಿಸಿದ ತೆಳ್ಳನೆಯ ಹೆಣಿಗೆ ಬಟ್ಟೆ. ಕಾವು, ತೇವ, ಗಾಳಿ ಸೇರಿ ನಡುವಿನ ಫೋಮನ್ನು ವರ್ಷಾನುವರ್ಷ ತಿನ್ನುತ್ತವೆ. ಬಟ್ಟೆ ಹರಿದಿರುವುದಿಲ್ಲ, ಬೋರ್ಡು ಮುರಿದಿರುವುದಿಲ್ಲ, ನಡುವಿನದು ಮಾತ್ರ ಹಿಟ್ಟಾಗಿರುತ್ತದೆ.

ಮುಚ್ಚಿದ ಕಾರಿನೊಳಗಿನ ಕಾವಿನ ಮೇಲೆ 2005ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು, ಆ ಏರಿಕೆಯ ನೂರಕ್ಕೆ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಯಿತು. ಕಿಟಕಿ ತುಸು ಇಳಿಸಿಟ್ಟರೂ ಹೇಳಿಕೊಳ್ಳುವ ಫರಕು ಬೀಳಲಿಲ್ಲ. ಸೊಲ್ಲಾಪುರದಲ್ಲಿ ಹೊರಗೆ 42 ಡಿಗ್ರಿ ಇರುವ ದಿನ ಒಳಗೆ ಎಷ್ಟಾಗುತ್ತದೆಂದು ನೀವೇ ಕೂಡಿಸಿ. ಅದಕ್ಕೂ ಹೆಚ್ಚಿನ ಕಾವು ಚಾವಣಿಯ ಪತ್ರಾದ ಕೆಳಗೆ ಇರುತ್ತದೆ. ನೀವು ಕೊಳ್ಳುವ ಅಂಟು ತಡೆಯಬೇಕಾದ್ದು ಆ ಕಾವನ್ನು.

ಪುಡಿ ಬರದೆ ಫೋಮ್ ಇನ್ನೂ ಮೆತ್ತಗೆ ಪುಟಿಯುತ್ತಿದ್ದು, ಅಂಚಿನಲ್ಲಿ ನಾಲ್ಕು ಬೆರಳಗಲ ಮಾತ್ರ ಬಿಟ್ಟಿದ್ದರೆ, ಅಷ್ಟನ್ನೇ ಅಂಟಿಸಿ ಬಿಡಿ. ಇಡೀ ಚಾವಣಿ ಬಿಚ್ಚಬೇಡಿ. ಪುಡಿ ಬಂದರೆ ಪೂರ್ತಿ ಬಿಚ್ಚುವುದೊಂದೇ ದಾರಿ.

ಪುಡಿಯ ಮೇಲೆ ಅಂಟು ಹಚ್ಚಬಾರದು

ಈ ಸೂಚನೆಯಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸತ್ತ ಫೋಮಿನ ಮೇಲೆ ಎಷ್ಟೇ ಒಳ್ಳೆಯ ಅಂಟು ಹಚ್ಚಿದರೂ ಅದು ಪುಡಿಗೆ ಹತ್ತುತ್ತದೆ, ಬೋರ್ಡಿಗೆ ಹತ್ತುವುದಿಲ್ಲ. ಆದ್ದರಿಂದ:

ಸಿರಿಂಜಿನಲ್ಲಿ ಅಂಟು ತುಂಬಿ ಬಟ್ಟೆಯೊಳಗೆ ಚುಚ್ಚಬಾರದು. ಅಂಟು ಬಟ್ಟೆಯ ಹೊರಗೆ ಬಂದು ಕಪ್ಪು ಚುಕ್ಕೆಗಳಾಗಿ ಉಳಿಯುತ್ತದೆ. ಮುಂದೆ ಪೂರ್ತಿ ಬಿಚ್ಚುವಾಗ ಅದೇ ಗಟ್ಟಿಯಾದ ಅಂಟು ಬೋರ್ಡಿನ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ.

ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ಹೊಡೆಯಬಾರದು. ಅಕ್ಕಲಕೋಟ ರಸ್ತೆಯ ತಗ್ಗಿನಲ್ಲಿ ಗಾಡಿ ಕುಣಿದಾಗ ಪಿನ್ನು ಕಳಚಿ ಬೀಳುವುದು ಕೂತವರ ಕಣ್ಣಿನ ಮೇಲೆ ಅಥವಾ ಸೀಟಿನಲ್ಲಿ ಮಲಗಿದ ಮಗುವಿನ ಮೇಲೆ. ಒಂದು ದಿನದ ಮಟ್ಟಿಗೂ ಬೇಡ.

ಬಿಳಿ ಫೆವಿಕಾಲ್ ಹಚ್ಚಬಾರದು. ಅದು ಕಟ್ಟಿಗೆಯ ಅಂಟು, ಆ ಕೆಲಸಕ್ಕೆ ಬಲು ಒಳ್ಳೆಯದು. ಅದರೊಳಗಿನ ನೀರು ಬೋರ್ಡನ್ನು ಮೆತ್ತಗಾಗಿಸುತ್ತದೆ, ಒಣಗಿದ ಮೇಲೂ ಕಾವಿಗೆ ಜಾರುತ್ತದೆ. ಬಿಸಿ ಮಾಡಿ ಒತ್ತುವ ಗ್ಲೂ ಗನ್ನಿನ ಕಡ್ಡಿ ಅಂಟು, ಎರಡೂ ಕಡೆ ಹತ್ತುವ ಟೇಪು ಕೂಡ ಬೇಡ. ಕಾವಿಗೆ ಕರಗುವ ವಸ್ತುವನ್ನು ಕಾವಿನ ಬಾಯಿಗೇ ಇಟ್ಟಂತಾಗುತ್ತದೆ.

ಯಾವಾಗ ಮಾಡಬೇಕು

ನವೆಂಬರಿನಿಂದ ಫೆಬ್ರವರಿಯೊಳಗೆ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಅಂಟಿನ ಮೇಲ್ಮೈ ಕ್ಷಣದಲ್ಲಿ ಒಣಗಿಬಿಡುತ್ತದೆ, ಬಟ್ಟೆ ಎಳೆದು ಕೂರಿಸುವಷ್ಟರಲ್ಲಿ ಹಿಡಿತ ಹೋಗಿರುತ್ತದೆ. ಮಳೆಗಾಲದ, ಅದರಲ್ಲೂ ಸೆಪ್ಟೆಂಬರಿನ ತೇವದಲ್ಲಿ ಒಣಗುವ ಅಂಟಿನ ಮೇಲೆ ನೀರಿನ ಪಸೆ ಕೂರುತ್ತದೆ, ಆಗಲೂ ಹಿಡಿತ ಕಡಿಮೆ. ಬೇಸಿಗೆಯಲ್ಲೇ ಮಾಡಬೇಕಾದ ಗತಿ ಬಂದರೆ ಬೆಳಗಿನ ಜಾವ, ನೆರಳಲ್ಲಿ, ಬೋರ್ಡು ಕೈಗೆ ತಣ್ಣಗಿರುವಾಗ ಮಾಡಿ.

ಯಾತ್ರಿಕರ ಗಾಡಿ ಇಟ್ಟವರಿಗೆ ಇಲ್ಲೊಂದು ತೊಡಕಿದೆ. ಒಳ್ಳೆಯ ಹವೆಯ ಈ ತಿಂಗಳುಗಳಲ್ಲೇ ದತ್ತ ಜಯಂತಿ ಬರುತ್ತದೆ, ಸಂಕ್ರಾಂತಿಗೆ ಸಿದ್ಧೇಶ್ವರನ ಗಡ್ಡಾ ಯಾತ್ರೆ ಬರುತ್ತದೆ. ಬಾಡಿಗೆ ತಪ್ಪೀತೆಂದು ಮೂರು ದಿನದ ಕೆಲಸವನ್ನು ಒಂದು ರಾತ್ರಿಯಲ್ಲಿ ಮುಗಿಸಲು ಹೋಗಬಾರದು. ಬಿಚ್ಚಿ ಉಜ್ಜಲು ಒಂದು ದಿನ, ಅಂಟಿಸಲು ಒಂದು ದಿನ, ಒಣಗಿದ ಮೇಲೆ ಕೂರಿಸಲು ಇನ್ನೊಂದು. ಹಬ್ಬದ ದಟ್ಟಣೆ ಇಳಿದ ವಾರವನ್ನು ಇದಕ್ಕೆಂದೇ ಬಿಡಿ.

ಬಿಚ್ಚುವಾಗ

ಗಾಡಿಯಲ್ಲಿ ಪಕ್ಕದ ಕರ್ಟನ್ ಏರ್‌ಬ್ಯಾಗ್ ಇದೆಯೇ ಎಂದು ಮೊದಲು ನೋಡಿ. ಬಾಗಿಲ ಕಂಬಗಳ ಪ್ಲಾಸ್ಟಿಕ್ಕಿನ ಮೇಲೋ ಚಾವಣಿಯ ಅಂಚಿನಲ್ಲೋ ಏರ್‌ಬ್ಯಾಗ್ ಎಂಬ ಗುರುತಿದ್ದರೆ ಇದು ಮನೆಯ ಕೆಲಸವಲ್ಲ. ಮುಟ್ಟಬೇಡಿ, ತರಬೇತಾದ ಕೈಗೆ ಕೊಡಿ. ಜೀವ ಉಳಿಸಲು ಇಟ್ಟ ಸಾಧನ ಮುಖದ ಹತ್ತಿರ ಸಿಡಿದರೆ ಗಾಯ ಸಣ್ಣದಾಗಿರುವುದಿಲ್ಲ, ತಪ್ಪಾಗಿ ಕೂರಿಸಿದರೆ ಅಪಘಾತದ ಹೊತ್ತಿಗೆ ಅದು ತೆರೆಯದೇ ಹೋಗಬಹುದು.

ಅಂಥದ್ದಿಲ್ಲದ ಹಳೆಯ ಗಾಡಿಯಾದರೂ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಟ್ಟೇ ಕೈಹಾಕಿ. ಚಾವಣಿಯ ದೀಪದ ವೈರು ಅಲ್ಲೇ ಇರುತ್ತದೆ. ಬಿಸಿಲ ಪಟ್ಟಿ, ಹಿಡಿಕೆ, ದೀಪ, ಬಾಗಿಲ ಸುತ್ತಿನ ರಬ್ಬರು, ಕಂಬಗಳ ಪ್ಲಾಸ್ಟಿಕ್, ಈ ಸರದಿಯಲ್ಲಿ ತೆಗೆಯಿರಿ. ಒಂದೊಂದನ್ನೂ ತೆಗೆಯುವ ಮೊದಲು ಫೋನಿನಲ್ಲಿ ಫೋಟೋ ಹಿಡಿಯಿರಿ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬಾರದು, ಹಿಡಿಕೆಯವು ಬೇರೆ, ದೀಪದವು ಬೇರೆ ಇಡಿ. ಪ್ಲಾಸ್ಟಿಕ್ ಕ್ಲಿಪ್ಪುಗಳು ಹಳತಾಗಿ ಮುರಿಯುವುದು ಖಂಡಿತ, ಆದ್ದರಿಂದ ಕೆಲಸಕ್ಕೆ ಮುನ್ನವೇ ಒಂದು ಹಿಡಿ ತಂದಿಟ್ಟುಕೊಳ್ಳಿ.

ಬೋರ್ಡನ್ನು ಒಬ್ಬರೇ ಹೊರಗೆಳೆಯಬಾರದು. ಮುಂದಿನ ಸೀಟು ಪೂರ್ತಿ ಮಲಗಿಸಿ, ಇಬ್ಬರು ಸೇರಿ, ಹಿಂದಿನ ಡಿಕ್ಕಿ ಬಾಗಿಲಿನಿಂದ ಮೆಲ್ಲಗೆ ಜಾರಿಸಿ. ಒಮ್ಮೆ ಮಡಿಕೆ ಬಿದ್ದ ಬೋರ್ಡಿನ ಗೆರೆ ಹೊಸ ಬಟ್ಟೆಯ ಮೇಲೂ ಎದ್ದು ಕಾಣುತ್ತದೆ, ಅದನ್ನು ಅಳಿಸುವ ಉಪಾಯ ಯಾವುದೂ ಇಲ್ಲ.

ಬೋರ್ಡು ಹೊರಗೆ ಬಂದ ಮೇಲೆ ತಲೆಯೆತ್ತಿ ಪತ್ರಾ ನೋಡಿ. ನೀರು ಇಳಿದ ಗೆರೆ, ತುಕ್ಕು, ಬೋರ್ಡಿನ ಬೆನ್ನಿನಲ್ಲಿ ಕಂದು ಕಲೆ ಇದ್ದರೆ ಆಂಟೆನಾದ ಬುಡವೋ ಮುಂದಿನ ಗಾಜಿನ ರಬ್ಬರೋ ಸೋರುತ್ತಿದೆ. ಸೋರಿಕೆ ನಿಲ್ಲಿಸದೆ ಹೊಸ ಬಟ್ಟೆ ಹಾಕಬಾರದು. ಪತ್ರಾಕ್ಕೆ ಅಂಟಿಸಿದ ದಪ್ಪ ಹಾಳೆ ಸದ್ದು, ಕಾವು ತಡೆಯಲೆಂದೇ ಇರುವುದು, ಅದನ್ನು ಕೀಳಬೇಡಿ. ಕಾವು ಇನ್ನೂ ಕಡಿಮೆಯಾಗಲಿ ಎಂದು ಅಲ್ಲಿ ಥರ್ಮಾಕೋಲ್ ತುರುಕುವವರಿದ್ದಾರೆ. ಅದು ಬೇಗ ಬೆಂಕಿ ಹಿಡಿಯುತ್ತದೆ, ಮೇಲಾಗಿ ಮುಂದೆ ಹೇಳುವ ಹಳದಿ ಕಾಂಟ್ಯಾಕ್ಟ್ ಅಂಟಿನ ದ್ರಾವಕ ತಾಗಿದ ಕಡೆ ಕರಗಿ ಗುಳಿ ಬೀಳುತ್ತದೆ. ತುಂಡೊಂದರ ಮೇಲೆ ಹನಿ ಹಾಕಿ ನೋಡಿದರೆ ತಿಳಿಯುತ್ತದೆ.

ಉಜ್ಜುವುದು

ಕೆಲಸದ ಮುಕ್ಕಾಲು ಪಾಲು ಇದೇ, ಬೇಸರ ಬರುವುದೂ ಇಲ್ಲಿಯೇ. ಹಳೆಯ ಬಟ್ಟೆಯನ್ನು ಒಂದು ಮೂಲೆಯಿಂದ ನಿಧಾನ ಸುಲಿಯಿರಿ, ಹರಿಯದೆ ಬಂದರೆ ಅಳತೆಗೆ ಇಟ್ಟುಕೊಳ್ಳಿ. ಬೋರ್ಡಿನ ಮೇಲೆ ಉಳಿದ ಫೋಮನ್ನು ಬಟ್ಟೆ ಒಗೆಯುವ ಮೆತ್ತನೆಯ ನೈಲಾನ್ ಬ್ರಷ್ಷಿನಿಂದ ಒಣಗಿದ್ದಂತೆಯೇ ಉಜ್ಜಿ. ಮೊದಲು ದೊಡ್ಡ ಚೂರುಗಳು, ಆಮೇಲೆ ರೊಟ್ಟಿ ಹಿಟ್ಟಿನಷ್ಟು ನುಣುಪಾದ ಪುಡಿ ಉದುರುತ್ತದೆ. ದೀಪದ ಗುಳಿ, ಬಿಸಿಲ ಪಟ್ಟಿಯ ತಗ್ಗು, ಹಿಂದಿನ ಅಂಚು, ಈ ಮೂರು ಕಡೆ ಪುಡಿ ಅಡಗಿ ಕೂರುತ್ತದೆ. ಹೊಸ ಬಟ್ಟೆ ಮೊದಲು ಬಿಡುವುದೂ ಈ ಮೂರು ಕಡೆಯಲ್ಲೇ. ಅಂಗೈ ಒತ್ತಿ ಎಳೆದು ನೋಡಿ, ಕೈಗೆ ಬಣ್ಣ ಹತ್ತುತ್ತಿದ್ದರೆ ಉಜ್ಜುವುದು ಇನ್ನೂ ಮುಗಿದಿಲ್ಲ.

ತಂತಿಯ ಬ್ರಷ್ ಹಾಕಬಾರದು, ಬೋರ್ಡಿನ ನಾರು ಏಳುತ್ತದೆ. ನೀರು ಹಾಕಬಾರದು. ಪೆಟ್ರೋಲು, ಥಿನ್ನರ್ ಸುರಿದು ಉಜ್ಜುವುದಂತೂ ಖಡಾಖಂಡಿತ ಬೇಡ. ಮೂಗು ಬಾಯಿಗೆ ಧೂಳಿನ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಪುಡಿ ಒಳಮನೆಗೆ ಹಾರದಂತೆ, ಒಣಹಾಕಿದ ಬಟ್ಟೆ, ಹಪ್ಪಳಗಳಿಂದ ದೂರ ಕೂತು ಮಾಡಿ. ಜೋಳವನ್ನೋ ತೊಗರಿಯನ್ನೋ ಒಕ್ಕುತ್ತಿರುವ ಕಣದ ಹತ್ತಿರ ಮಾಡಬೇಡಿ. ಆ ಧೂಳು ಬೋರ್ಡಿನ ಮೇಲೆ ಕೂತರೆ ಉಜ್ಜಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಬೋರ್ಡಿನ ಅಂಚು ಎಲ್ಲಾದರೂ ಮುರಿದಿದ್ದರೆ ಹಿಂಬದಿಯಿಂದ ಗಟ್ಟಿ ಕೋರಾ ಬಟ್ಟೆಯ ಪಟ್ಟಿಯನ್ನು ಅದೇ ಹಳದಿ ಅಂಟಿನಿಂದ ಹತ್ತಿಸಿ ಒಣಗಲು ಬಿಡಿ.

ಯಾವ ಬಟ್ಟೆ

ಸೀಟು ಕವರ್ ಹೊಲಿಯುವ ಅಂಗಡಿಯಲ್ಲಿ ‘ರೂಫ್ ಲೈನಿಂಗಿನ ಫೋಮ್ ಬಟ್ಟೆ ಕೊಡ್ರಿ’ ಎಂದು ಕೇಳಿ. ಸೊಲ್ಲಾಪುರದ ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು ಎಲ್ಲವೂ ನಡೆಯುತ್ತವೆ, ಆದರೆ ‘ಫೋಮ್’ ಎಂಬ ಮಾತು ಬಿಡಬೇಡಿ. ಬರೀ ರೂಫಿನ ಬಟ್ಟೆ ಎಂದರೆ ರೆಕ್ಸಿನ್ ತೋರಿಸಿಯಾರು. ಬಟ್ಟೆಯನ್ನು ಎರಡೂ ಕಡೆ ಎಳೆದು ನೋಡಿ, ಹಿಗ್ಗಬೇಕು. ಹಿಗ್ಗದ ಬಟ್ಟೆ ದೀಪದ ಗುಳಿಯೊಳಗೆ ಕೂರುವುದಿಲ್ಲ. ಬೋರ್ಡಿನ ಉದ್ದ, ಅಗಲ ಎರಡಕ್ಕೂ ಒಂದು ಗೇಣು ಸೇರಿಸಿಯೇ ಕೊಳ್ಳಿ. ಸಣ್ಣ ಕಾರಿಗೆ ಹೆಚ್ಚುಕಡಿಮೆ 2 ಮೀಟರ್ ಆಗುತ್ತದೆ, ಆದರೂ ಅಳತೆ ಹಿಡಿಯದೆ ಅಂಗಡಿಗೆ ಹೋಗಬೇಡಿ.

ಇನ್ನು ನಮ್ಮೂರಿನದೇ ಒಂದು ಮೋಹದ ಬಗ್ಗೆ ಬಿಡಿಸಿ ಹೇಳಬೇಕು. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಮಗ್ಗದ ಕಾರ್ಖಾನೆಗಳಿವೆ. ಮನೆಯಲ್ಲಿ ಒಬ್ಬರಾದರೂ ಚಾದರ, ಟಾವೆಲಿನ ಕೆಲಸದಲ್ಲಿರುವ ಕುಟುಂಬಗಳು ಎಷ್ಟೋ. ತುಂಡು ಮಾಲು, ಸೆಕೆಂಡ್ಸ್ ಮಾಲು ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಚಾವಣಿಗೆ ಹತ್ತಿಸಿದರೆ ಅಂದವೂ ಆಯಿತು, ಉಳಿತಾಯವೂ ಆಯಿತು ಎಂದು ಅನಿಸುವುದು ಸಹಜ. ಹತ್ತಿಸಬಾರದು. ಸೊಲ್ಲಾಪುರಿ ಚಾದರ ಭೌಗೋಳಿಕ ಸೂಚಕ ಮಾನ್ಯತೆ ಪಡೆದ, ನಮಗೆಲ್ಲ ಹೆಮ್ಮೆಯ ಬಟ್ಟೆ. ಅದನ್ನು ನೇಯ್ದದ್ದು ಹಾಸಲು, ಹೊದೆಯಲು. ದಪ್ಪ ಹತ್ತಿ, ಭಾರ ಹೆಚ್ಚು, ಹಿಗ್ಗುವುದಿಲ್ಲ. ಗುಳಿಯಲ್ಲಿ ಒತ್ತಿದರೆ ಜಕಾರ್ಡ್ ಚಿತ್ರದ ಸಾಲು ಸೊಟ್ಟಗಾಗುತ್ತದೆ, ಅಂಟು ನೂಲಿನಲ್ಲಿ ಹೀರಿಕೊಂಡು ಮೇಲಕ್ಕೆ ಬರುತ್ತದೆ. ಟಾವೆಲಿನ ಬಟ್ಟೆಯ ಕುಣಿಕೆಗಳಲ್ಲಂತೂ ರಸ್ತೆಯ ಧೂಳೆಲ್ಲ ಸೇರಿ ಕೂರುತ್ತದೆ, ಒಗೆಯಲು ಬಿಚ್ಚಲಾಗುವುದಿಲ್ಲ. ಚಾದರವನ್ನು ಸೀಟಿಗೆ ಹಾಸಿ, ಚಂದ ಕಾಣುತ್ತದೆ. ಟಾವೆಲಿನ ತುಂಡುಗಳು ಕೈ ಒರೆಸಲು, ಡ್ಯಾಶ್‌ಬೋರ್ಡ್ ಮುಚ್ಚಲು ಬಲು ಉಪಯೋಗ.

ಬೆಂಕಿಯ ವಿಷಯವೂ ಇದರಲ್ಲೇ ಬಂತು. ವಾಹನದ ಒಳಗಿನ ಸಾಮಗ್ರಿ ಎಷ್ಟು ಬೇಗ ಉರಿಯಬಹುದು ಎಂಬುದಕ್ಕೆ ನಮ್ಮಲ್ಲಿ ಐಎಸ್ 15061 ಎಂಬ ಮಾನಕವಿದೆ. ಅಮೆರಿಕದ ನಿಯಮದಲ್ಲಿ ಉರಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು. ಪರದೆ ಬಟ್ಟೆ, ಹಳೆಯ ಸೀರೆ, ಹಾಸಿಗೆಯ ಫೋಮ್ ಈ ಲೆಕ್ಕ ಇಟ್ಟುಕೊಂಡು ತಯಾರಾದವಲ್ಲ. ಅಗ್ಗವೆಂದು ಅವನ್ನು ತಲೆಯ ಮೇಲೆ ಹಾಕಿಕೊಳ್ಳಬಾರದು. ವಾಹನಕ್ಕೆಂದೇ ಮಾಡಿದ ಬಟ್ಟೆಯನ್ನೇ ಕೊಳ್ಳಿ.

ಅಂಟು ಹಚ್ಚುವುದು

ಬೇಕಾದ್ದು ರಬ್ಬರ್ ಆಧಾರದ ಹಳದಿ ಕಾಂಟ್ಯಾಕ್ಟ್ ಅಂಟು, ಫೆವಿಕಾಲ್ ಎಸ್‌ಆರ್ ಜಾತಿಯದು. ಸ್ಪ್ರೇ ಡಬ್ಬಿ ಕೊಳ್ಳುವುದಾದರೆ ಎಷ್ಟು ಡಿಗ್ರಿ ಕಾವು ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಓದಿ. 70ಕ್ಕಿಂತ ಕಡಿಮೆ ಬರೆದಿದ್ದರೆ, ಏನೂ ಬರೆಯದಿದ್ದರೂ, ವಾಪಸ್ ಇಟ್ಟುಬಿಡಿ. ಹಣ ಉಳಿಸುವುದಾದರೆ ಕೂಲಿಯಲ್ಲಿ ಉಳಿಸಿ, ಬಟ್ಟೆಯ ಬಣ್ಣದಲ್ಲಿ ಉಳಿಸಿ. ಅಂಟಿನಲ್ಲಿ ಉಳಿಸಬಾರದು.

ಈ ಅಂಟಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಕಾರಿನೊಳಗೆ, ಶಟರ್ ಎಳೆದ ಗ್ಯಾರೇಜಿನೊಳಗೆ, ಪಡಸಾಲೆಯಲ್ಲಿ ಹಚ್ಚಬಾರದು. ಬಯಲಿನಲ್ಲಿ, ನೆರಳಲ್ಲಿ ಹಚ್ಚಿ. ಹತ್ತಿರ ಒಲೆ, ಬೀಡಿ, ದೀಪ, ಊದುಬತ್ತಿ ಯಾವುದೂ ಇರಬಾರದು. ಧೂಳಿನ ಮಾಸ್ಕ್, ಎನ್95 ಕೂಡ, ಈ ಆವಿಯನ್ನು ತಡೆಯುವುದಿಲ್ಲ. ತಲೆ ಸುತ್ತಿದರೆ, ಕಣ್ಣು ಉರಿದರೆ ಕೆಲಸ ಬಿಟ್ಟು ಗಾಳಿಗೆ ಹೋಗಿ. ಮಕ್ಕಳನ್ನೂ ಬಸುರಿಯರನ್ನೂ ಆ ಕಡೆ ಬಿಡಬೇಡಿ. ಟೊಲ್ವೀನ್, ಹೆಕ್ಸೇನಿನಂಥ ದ್ರಾವಕಗಳು ದಿನವೂ ಮೂಗಿಗೆ ಹೋದರೆ ನರಗಳಿಗೇ ಪೆಟ್ಟು. ಒಂದು ಕಾರು ಮಾಡಿ ಕೈ ಪಳಗಿತೆಂದು ಓಣಿಯವರ ಗಾಡಿಗಳನ್ನೆಲ್ಲ ಒಪ್ಪಿಕೊಳ್ಳುವ ಹುಡುಗರು ಇದನ್ನು ವಿಶೇಷವಾಗಿ ಕೇಳಿಸಿಕೊಳ್ಳಬೇಕು: ಆ ದಾರಿ ಹಿಡಿದರೆ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕಿಗೇ ಮೊದಲ ಸಂಪಾದನೆ ಹೋಗಲಿ.

ಹಚ್ಚುವ ರೀತಿ ಹೀಗೆ. ಬಟ್ಟೆಯನ್ನು ಬೋರ್ಡಿನ ಮೇಲೆ ಹಾಸಿ, ಸುತ್ತ ಸಮನಾಗಿ ಹೆಚ್ಚುವರಿ ಉಳಿದಿದೆಯೇ ನೋಡಿ, ಅರ್ಧ ಹಿಂದಕ್ಕೆ ಮಡಿಚಿ. ತೆರೆದ ಅರ್ಧ ಬೋರ್ಡಿಗೂ ಮಡಿಚಿದ ಬಟ್ಟೆಯ ಫೋಮಿಗೂ ಅಗಲ ಬ್ರಷ್ಷಿನಿಂದ ತೆಳ್ಳಗೆ, ಒಂದೇ ಸಮ ಹಚ್ಚಿ. ಫೋಮಿಗೆ ದಪ್ಪ ಹಚ್ಚಿದರೆ ಅಂಟು ಸೋಸಿ ಬಟ್ಟೆಯ ಮೇಲೆ ಕಲೆಯಾಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಬೆರಳ ಬೆನ್ನು ತಾಗಿಸಿದರೆ ಜಿಗುಟು ಇರಬೇಕು, ಅಂಟು ಬೆರಳಿಗೆ ಬರಬಾರದು. ಹಸಿ ಇರುವಾಗಲೇ ಒತ್ತುವುದು ಎಲ್ಲರೂ ಅವಸರದಲ್ಲಿ ಮಾಡುವ ತಪ್ಪು. ದ್ರಾವಕ ಒಳಗೆ ಸಿಕ್ಕಿಬಿದ್ದು, ಬಿಸಿಲು ಬಿದ್ದ ಕೂಡಲೇ ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತಾ ಹೋಗಿ. ಗುಳಿ ಬಂದ ಕಡೆ ಮೊದಲು ತಳಕ್ಕೆ ಬೆರಳಿನಿಂದ ಒತ್ತಿ, ನಂತರ ಬದಿ. ಗುಳಿಯ ಮೇಲೆ ಬಟ್ಟೆಯನ್ನು ಬಿಗಿಯಾಗಿ ದಾಟಿಸಿ ಕೊನೆಗೆ ಒಳಗೆ ತಳ್ಳಬಾರದು, ಅದು ಮತ್ತೆ ಮೇಲೆದ್ದು ನಿಲ್ಲುತ್ತದೆ. ಒಮ್ಮೆ ಹಿಡಿದದ್ದನ್ನು ಕಿತ್ತು ಮತ್ತೆ ಕೂರಿಸಲು ನೋಡಬೇಡಿ, ಫೋಮ್ ಹರಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ. ಇನ್ನರ್ಧವೂ ಹಾಗೆಯೇ.

ಪೂರ್ತಿ ಒಂದು ಹಗಲು, ಒಂದು ರಾತ್ರಿ ಬಿಟ್ಟ ಮೇಲೆ ಅಂಚು ಕತ್ತರಿಸಿ, ಎರಡು ಬೆರಳಗಲ ಹಿಂದಕ್ಕೆ ಮಡಿಚಿ ಅಂಟಿಸಿ. ದೀಪ, ಹಿಡಿಕೆಗಳ ತೂತನ್ನು ಪೂರ್ತಿ ದುಂಡಗೆ ಕತ್ತರಿಸಬಾರದು. ಗುಣಿಸುವ ಗುರುತಿನಂತೆ ಅಡ್ಡಡ್ಡ ಸೀಳಿ, ತುದಿಗಳನ್ನು ಒಳಕ್ಕೆ ಮಡಿಚಿ. ತೂತು ದೊಡ್ಡದಾದರೆ ಮುಚ್ಚಲು ದಾರಿಯಿಲ್ಲ.

ಅಂಬಾಸಿಡರ್, ಪದ್ಮಿನಿ ಇದ್ದವರು

ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಪ್ರೀಮಿಯರ್ ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲು. ಇವುಗಳಲ್ಲಿ ಸಾಮಾನ್ಯವಾಗಿ ಬೋರ್ಡಿಲ್ಲ, ಬಟ್ಟೆಯನ್ನೋ ರೆಕ್ಸಿನನ್ನೋ ಹೊಲಿಗೆಯ ಪಟ್ಟಿಗಳಲ್ಲಿ ತಂತಿ ಕಮಾನು ತೂರಿಸಿ ತೂಗುಹಾಕಿರುತ್ತಾರೆ. ಮೇಲೆ ಹೇಳಿದ ಅಂಟಿನ ವಿಧಾನ ಇವಕ್ಕೆ ಸಲ್ಲದು. ಕಮಾನುಗಳ ಉದ್ದ ಒಂದೇ ಇರುವುದಿಲ್ಲ, ಬಿಚ್ಚುವಾಗಲೇ ಮುಂದಿನಿಂದ 1, 2, 3 ಎಂದು ಚೀಟಿ ಕಟ್ಟಿ. ಹಳೆಯ ಬಟ್ಟೆಯನ್ನು ಹೊಲಿಗೆ ಬಿಚ್ಚದೆ ಇಡಿಯಾಗಿಯೇ ರೆಕ್ಸಿನ್ ಹೊಲಿಯುವವರಿಗೆ ಮಾದರಿಯಾಗಿ ಕೊಡಿ. ಹಳೆಯದನ್ನು ಕಸಕ್ಕೆ ಹಾಕಿದವರಿಗೆ ಹೊಸದರ ಅಳತೆ ಸಿಗುವುದಿಲ್ಲ.

ಕೂರಿಸಿದ ಮೇಲೆ

ಕಂಬದ ಪ್ಲಾಸ್ಟಿಕ್ ತೆಗೆಯಲು ಸೀಟ್ ಬೆಲ್ಟಿನ ಬೋಲ್ಟ್ ಬಿಚ್ಚಿದ್ದರೆ ಅದೇ ಬೋಲ್ಟನ್ನೇ ಹಾಕಿ, ಪಾನಾದಿಂದ ಪೂರ್ತಿ ಬಿಗಿಮಾಡಿ, ಬೆಲ್ಟನ್ನು ಜೋರಾಗಿ ಜಗ್ಗಿ ನೋಡಿ. ಇದಾಗದೆ ಗಾಡಿ ರಸ್ತೆಗೆ ಇಳಿಯಬಾರದು. ಬೋಲ್ಟ್ ತಿರುಗದೆ ಕಚ್ಚಿಕೊಂಡರೆ ಒತ್ತಾಯ ಮಾಡದೆ ಮೆಕ್ಯಾನಿಕ್ಕಿಗೆ ತೋರಿಸಿ.

ಮೊದಲ ಕೆಲ ದಿನ ನೆರಳಲ್ಲಿ, ಕಿಟಕಿ ಇಳಿಸಿ ನಿಲ್ಲಿಸಿ, ಉಳಿದ ವಾಸನೆ ಹೋಗಬೇಕು. ವಾಸನೆ ಇರುವವರೆಗೆ ಡ್ಯಾಶ್‌ಬೋರ್ಡಿನ ಸ್ವಾಮಿ ಸಮರ್ಥರ ಫೋಟೋದ ಮುಂದೆ ಊದುಬತ್ತಿ, ಕರ್ಪೂರ ಹಚ್ಚಲೇಬಾರದು. ಆಮೇಲೂ ಹಚ್ಚದಿರುವುದೇ ಲೇಸು. ಊದುಬತ್ತಿಯ ಹೊಗೆ ನೇರ ಚಾವಣಿಗೆ ಏರಿ ತಿಳಿಬಣ್ಣದ ಬಟ್ಟೆಯ ಮೇಲೆ ಕಂದು ಸುತ್ತು ಬಿಡುತ್ತದೆ. ಹೂವು ಏರಿಸಿ, ಕೈಮುಗಿದು ಹೊರಡಿ.

ಕೊಳೆಯಾದರೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಮೆಲ್ಲಗೆ ತಟ್ಟಿ ತೆಗೆಯಿರಿ. ಕಾರು ತೊಳೆಯುವ ಕಡೆ ಚಾವಣಿಗೆ ನೊರೆಯನ್ನೋ ಹಬೆಯನ್ನೋ ಹೊಡೆಯಲು ಬಿಡಬೇಡಿ. ಸೈಕಲ್, ಏಣಿ, ಕಬ್ಬಿನ ಜಲ್ಲೆಗಳನ್ನು ಒಳಗೆ ತುರುಕಿ ಚಾವಣಿಗೆ ಒರೆಸುತ್ತ ಒಯ್ಯಬೇಡಿ.

ಉಳಿದ ಅಂಟನ್ನು ಗಟಾರಕ್ಕೆ ಸುರಿಯಬಾರದು. ಮುಚ್ಚಳ ಬಿಗಿಮಾಡಿ, ಅಡುಗೆಮನೆಯಿಂದಲೂ ದೇವರ ಮನೆಯಿಂದಲೂ ದೂರ, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿಡಿ. ಅಂಟು ಹತ್ತಿದ ಬಟ್ಟೆ ಚೂರುಗಳನ್ನು ಬಯಲಲ್ಲಿ ಹರವಿ ಪೂರ್ತಿ ಒಣಗಿಸಿದ ಮೇಲೆಯೇ ಕಸದ ಗಾಡಿಗೆ ಹಾಕಿ, ಸುಡಬೇಡಿ.